ಚಕ್ರದ ಬುಡದಲ್ಲಿ ಒಂದು ಶ್ರಾವಣ

ಜುಲೈ 25, ಶುಕ್ರವಾರ

ಇಂದಿನಿಂದ ಶ್ರಾವಣ. ಪ್ರತಿ ಶ್ರಾವಣಕ್ಕೂ ಒಂದು ನೇಮ ಹಿಡಿಯುವುದು ನನ್ನ ರೂಢಿ. ಹೋದ ವರ್ಷ ಚಹಾ ಬಿಟ್ಟಿದ್ದೆ. ಈ ಸಲ ನಮ್ಮ ಹುಕ್ಕೇರಿಯಲ್ಲಿ ಮಠದ ಅಜ್ಜಾರನ್ನು ಕೇಳಿದರೆ, "ಬಾಯಿಗೆ ನೇಮಾ ಹಾಕೋದು ಸಸಾರ ಐತಿ ದಾಕ್ಷಾಯಿಣಿ. ಈ ಸಲ ಕೈಗೆ ಹಾಕಿ ನೋಡು. ದಿನಾ ಸಂಜಿ ಪೂಜಾ ಆದ ಮ್ಯಾಲ ಆ ದಿನದ ಖರೆ ಮಾತು ನಾಕ ಸಾಲು ಬರಿ. ಯಾರಿಗೂ ತೋರಸಬ್ಯಾಡ" ಎಂದರು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅಕ್ಷರ ದುಂಡಗಿವೆ, ಅದೊಂದು ಸಮಾಧಾನ.

ನಿನ್ನೆ ಗೋಕಾಕಕ್ಕೆ ಬಂದೆ. ಮಗ ಶಿವಾನಂದ ಮಳೆಯಲ್ಲಿ ಬೈಕು ಜಾರಿ ಬಿದ್ದು ಎಡಗಾಲು ಮುರಿದುಕೊಂಡಿದ್ದಾನೆ. ಪ್ಲಾಸ್ಟರ್ ಹಾಕಿದ್ದಾರೆ, ಒಂದು ತಿಂಗಳು ನೆಲಕ್ಕೆ ಊರುವಂತಿಲ್ಲ. ಅವನ ಹೆಂಡತಿಗೆ ಡ್ಯೂಟಿ ಇರುತ್ತದೆ, ನೋಡುವವರು ಯಾರು? ನಮ್ಮ ಯಜಮಾನರು, "ಅಂಗಡಿ ನಾ ನೋಡ್ಕೋತೇನಿ, ನೀ ಹೋಗು" ಎಂದರು.

ಮದುವೆಯಾಗಿ ಎರಡು ವರ್ಷವಾದರೂ ಈ ಮನೆಯ ಹೊಸ್ತಿಲು ನಾನು ತುಳಿದಿರಲಿಲ್ಲ. ರಜಿಸ್ಟ್ರಾರ್ ಆಫೀಸಿನಲ್ಲಿ ಆದ ಮದುವೆ. ಅವಳು ಮೂಡಲಗಿ ಕಡೆಯ ಹಾಲುಮತದವರ ಮಗಳು. ಅವರ ಮನೆಯಲ್ಲಿ ಕುರಿ ಇವೆ. ನಾವು ಲಿಂಗವಂತರು. ಇಷ್ಟು ಬರೆದರೆ ಸಾಕು.

ಬರುವಾಗ ನನ್ನ ಸಣ್ಣ ಗ್ಯಾಸ್ ಒಲೆ, ಎರಡು ಬೋಗುಣಿ, ತವೆ, ಒಂದು ತಂಬಿಗೆ ತಂದಿದ್ದೇನೆ. ನನ್ನ ಅಡಿಗೆ ನಾನೇ ಮಾಡಿಕೊಳ್ಳುವವಳು. ಶಿವಾನಂದನ ಹೆಂಡತಿ ಅಡಿಗೆಮನೆಯ ಒಂದು ಮೂಲೆ ಖಾಲಿ ಮಾಡಿಕೊಟ್ಟಳು.

ಜುಲೈ 26, ಶನಿವಾರ

ಹಿತ್ತಲ ಬಾಗಿಲು ತೆರೆದರೆ ಮನೆಗಳ ತಲೆಯ ಮೇಲೆ ಆ ಚಕ್ರ ಕಾಣುತ್ತದೆ. ಜಾತ್ರೆಗೆ ಬಂದು ನಾಲ್ಕು ದಿನಕ್ಕೆ ಬಿಚ್ಚಿಕೊಂಡು ಹೋಗುವಂಥದ್ದಲ್ಲ. ವರ್ಷಪೂರ್ತಿ ಅಲ್ಲೇ ನಿಲ್ಲುವಂಥದ್ದು, ಹತ್ತು ಮಾಳಿಗೆಗಿಂತ ಎತ್ತರ. ಕೂರುವುದಕ್ಕೆ ಗಾಜು ಹಾಕಿದ ಡಬ್ಬಿಗಳಂಥ ಖೋಲಿಗಳು, ಒಟ್ಟು ಇಪ್ಪತ್ತನಾಲ್ಕು. ಫಾಲ್ಸ್ ನೋಡಲು ಬಂದವರೆಲ್ಲ ಅದನ್ನೂ ಹತ್ತಿ ಹೋಗುತ್ತಾರಂತೆ. ಇಲ್ಲಿಯವರು ಅದಕ್ಕೆ ದೊಡ್ಡ ತೊಟ್ಟಿಲು ಅನ್ನುತ್ತಾರೆ.

ಅದನ್ನು ತಿರುಗಿಸುವವಳು ಶಿವಾನಂದನ ಹೆಂಡತಿ. ಐಟಿಐ ಕಲಿತಿದ್ದಾಳೆ. ಬೆಳಿಗ್ಗೆ ಎಂಟಕ್ಕೆ ಗಂಡಸರ ಬೂಟು ಹಾಕಿಕೊಂಡು, ಹಣೆಗೆ ಟಿಕಳಿ ಇಟ್ಟುಕೊಂಡು ಹೋಗುತ್ತಾಳೆ. ಹೆಣ್ಣುಮಗಳು ತೊಟ್ಟಿಲು ತೂಗುವುದು ಸರಿ, ಅಷ್ಟು ದೊಡ್ಡದನ್ನೇ?

ಶಿವಾನಂದನಿಗೆ ರೊಟ್ಟಿ ಕೊಟ್ಟರೆ, "ಯವ್ವಾ, ಎರಡ ಒಲಿ ಹೊತ್ತಿಸಿದರ ಮನ್ಯಾಗ ಶೆಕಿ ಆಗತೈತಿ. ಈ ಮನ್ಯಾಗ ತತ್ತೀನೂ ಬಂದಿಲ್ಲ, ಅಕೀನ ಬ್ಯಾಡ ಅಂದಾಳ" ಎಂದ. ನಾನು ಕೇಳಿಸದವಳಂತೆ ರೊಟ್ಟಿ ಬಡಿದೆ.

ಜುಲೈ 28, ಶ್ರಾವಣ ಸೋಮವಾರ

ಇಲ್ಲಿ ಹತ್ತಿರದ ಮಠದಲ್ಲಿ ಅಕ್ಕನ ಬಳಗವಿದೆ. ಹೋಗಿ ಕುಳಿತೆ. ಹೆಣ್ಣುಮಕ್ಕಳೆಲ್ಲ ಸೇರಿ ವಚನ ಹೇಳಿದೆವು. ಮನಸ್ಸು ಹಗುರಾಯಿತು. ಬಳಗದ ಹಿರಿಯಳು ವಿಜಯಲಕ್ಷ್ಮಿ ಎಂಬವರು, ದೊಡ್ಡ ದನಿ, ದೊಡ್ಡ ಕುಂಕುಮ. "ಸೊಸಿ ಏನ ಮಾಡ್ತಾಳ್ರಿ?" ಎಂದು ಕೇಳಿದರು. "ಆಫೀಸಿನ್ಯಾಗ ಅದಾಳ್ರಿ" ಎಂದೆ.

ನಾಳೆ ಪಂಚಮಿ. ಜೋಕಾಲಿ ಕಟ್ಟಲು ಇವರ ಓಣಿಯಲ್ಲಿ ಒಂದು ಮರವೂ ಉಳಿದಿಲ್ಲವಂತೆ. "ಅದಕ್ಕೇನ್ರಿ, ಊರಿಗೆ ದೊಡ್ಡದ ಒಂದ ಜೋಕಾಲಿ ಕಟ್ಯಾರಲ್ಲ! ನಾಳಿ ಎಲ್ಲಾರೂ ಅಲ್ಲೇ ಹೋಗೂಣು" ಎಂದು ವಿಜಯಲಕ್ಷ್ಮಿ ಚಕ್ರದ ಕಡೆ ಕೈ ತೋರಿಸಿದರು. ಎಲ್ಲರೂ ನಕ್ಕು ಹೂಂ ಅಂದರು. ನಾನೂ ಅಂದೆ. ಅನ್ನಬಾರದಿತ್ತು.

ಜುಲೈ 29, ಮಂಗಳವಾರ, ಪಂಚಮಿ

ಜೋಕಾಲಿಗೆಂದು ಹೋಗಿದ್ದೆವು. ಹತ್ತಲಿಲ್ಲ. ಮಳೆ ಇರಲಿಲ್ಲ. ತಲೆ ನೋಯುತ್ತಿದೆ. ಇಂದಿಗೆ ಇಷ್ಟು.

ಜುಲೈ 30, ಬುಧವಾರ

ನಿನ್ನೆ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಖರೆಯೂ ಇಲ್ಲ. ನೇಮ ಹಿಡಿದ ಮೇಲೆ ಬರೆಯಬೇಕು.

ಹನ್ನೊಂದು ಜನ ಹೋಗಿದ್ದೆವು, ಹೊಸ ಸೀರೆ ಉಟ್ಟು, ಉಂಡಿ ಕಟ್ಟಿಕೊಂಡು. ಚಕ್ರದ ಬುಡದಲ್ಲಿ ಸಾಲು ನಿಂತೆವು. ಕೊರಳಲ್ಲಿ ತೂಗುವುದನ್ನೆಲ್ಲ ಬಿಚ್ಚಿ ಬುಟ್ಟಿಯಲ್ಲಿ ಇಡಬೇಕೆಂದು ಅಲ್ಲಿ ಫಲಕವಿದೆ. ನಾವು ಬಿಚ್ಚಲಿಲ್ಲ. ಆಗ ಗುಂಡಿಗಳಿರುವ ಕೆಳಗಿನ ಗಾಜಿನ ಖೋಲಿಯಿಂದ ಮಷಿನ್ ನಡೆಸುವವಳೇ ಎದ್ದು ಬಂದಳು. ಅವಳೇ, ಶಿವಾನಂದನ ಹೆಂಡತಿ. ಸಾಲಿನಲ್ಲಿ ನನ್ನನ್ನು ನೋಡಿದಳು. ನಾನು ಸೆರಗು ಮುಂದೆ ಎಳೆದುಕೊಂಡೆ. ಅವಳಿಗೆ ತಿಳಿಯಿತು. ಅತ್ತಿ ಎಂದು ಕರೆಯಲಿಲ್ಲ. ಗುರುತೇ ಇಲ್ಲದವಳಂತೆ, "ಅವ್ವಾರ, ಉದ್ದನ್ನ ದಾರದ್ದು ಯಾವುದೂ ಇರಬಾರ್ದ್ರಿ. ಲಿಂಗದ ಕರಡಗಿ ಬಿಚ್ಚಿ ಕೊಡ್ರಿ, ಸ್ವಚ್ಛ ಅರಿವ್ಯಾಗ ಇಟ್ಟಿರತೇನ್ರಿ" ಎಂದಳು.

ಲಿಂಗ ಕಟ್ಟಿಸಿಕೊಂಡ ಮೇಲೆ ಮೈಯಿಂದ ಅಗಲಿಸಬಾರದು. ಪೂಜೆಗೆ ಅಂಗೈಗೆ ಬರಬೇಕು, ಮರಳಿ ಎದೆಗೆ ಹೋಗಬೇಕು. ಬುಟ್ಟಿಗೆ ಹಾಕುವ ಒಡವೆಯೇ ಅದು? ವಿಜಯಲಕ್ಷ್ಮಿಗೆ ಸಿಟ್ಟು ಬಂತು, ಎಲ್ಲರಿಗೂ ಬಂತು. ಆದರೆ ಬಾಯಿಬಿಟ್ಟು ಅಂದವಳು ನಾನು. "ಕುರಿ ಕಾಯೋರ ಮಕ್ಕಳಿಗೆ ಲಿಂಗದ ಹಕೀಕತ್ತ ಏನ ತಿಳಿತೈತಿ?" ಎಂದೆ.

ಆ ಹುಡುಗಿ ನನ್ನ ಮುಖವನ್ನೇ ನೋಡಿದಳು. "ತಿಳಿದಿದ್ದರ ಬಿಚ್ಚದನ ಹತ್ತಾಕ ಬಿಡತಿದ್ನೇನ್ರಿ? ಸಾಲು ಬಿಡ್ರಿ ಅವ್ವಾರ, ಹಿಂದ ಮಂದಿ ನಿಂತಾರ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮರಳಿ ಬರುವಾಗ ವಿಜಯಲಕ್ಷ್ಮಿ ಕೇಳಿದರು. "ಅಕಿ ಕುರಿ ಕಾಯೋರಾಕಿ ಅಂತ ನಿಮಗ ಹ್ಯಾಂಗ ತಿಳೀತ್ರಿ?"

"ಮಾರಿ ನೋಡಿದರ ತಿಳಿತೈತ್ರಿ" ಎಂದೆ.

ಸಂಜೆ ಅವಳು ಮನೆಗೆ ಬಂದು ಬೂಟು ಬಿಚ್ಚಿ, ಕಾಲು ತೊಳೆದು, "ಅತ್ತಿ, ಚಾ ಮಾಡಲೇನ್ರಿ?" ಎಂದಳು. ದಿನದಂತೆಯೇ. ನಾನು ಬೇಡವೆಂದೆ, ದಿನದಂತೆಯೇ.

ಆಗಸ್ಟ್ 1, ಶುಕ್ರವಾರ

ವಿಜಯಲಕ್ಷ್ಮಿ ಚಕ್ರದ ಆಫೀಸಿಗೆ ಅರ್ಜಿ ಕೊಟ್ಟಿದ್ದಾರೆ. ಮಷಿನ್ ನಡೆಸುವ ಹುಡುಗಿ ಲಿಂಗಕ್ಕೆ ಅಪಮಾನ ಮಾಡಿದಳು, ಅವಳನ್ನು ತೆಗೆಯಬೇಕು ಎಂದು. ಕೊಡುವ ಮೊದಲು ನನ್ನ ಸಹಿ ಕೇಳಲು ಮಠಕ್ಕೆ ತಂದಿದ್ದರು. "ಮೊದಲ ಮಾತ ಎತ್ತಿದವರು ನೀವ, ನಿಮ್ಮದ ಸಹಿ ಬೇಕ್ರಿ." ಚಷ್ಮಾ ಮನೆಯಲ್ಲಿದೆ ಎಂದೆ. ಚಷ್ಮಾ ನನ್ನ ಸೊಂಟದಲ್ಲಿತ್ತು.

ಸಂಜೆ ಅವಳೂ ಕಾಗದ ಹಿಡಿದು ಬಂದಳು. ಮುಂದಿನ ಶನಿವಾರ ಮ್ಯಾನೇಜರ್ ಸೂರಜ ಎರಡೂ ಕಡೆಯವರನ್ನು ಕೂಡಿಸಿ ಕೇಳುತ್ತಾನಂತೆ. ಅಲ್ಲಿಯವರೆಗೆ ಮಷಿನ್ ಮುಟ್ಟುವಂತಿಲ್ಲ, ಗೇಟಿನಲ್ಲಿ ಟಿಕೀಟು ಹರಿಯಬೇಕು. ತಪ್ಪು ಅವಳದೆಂದಾದರೆ ಕೆಲಸ ಹೋಯಿತು.

"ಯಾರೋ ಹಿರೇ ಹೆಂಗಸು ಏನೋ ಅಂದಳಂತ, ಹೌದನ?" ಎಂದು ಶಿವಾನಂದ ಕೇಳಿದ.

"ಮಂದಿ ಏನೇನರ ಅಂತಾರ. ಗಾಳಿ ಸಪ್ಪಳದಾಗ ನನಗ ಕೇಳಸಲಿಲ್ಲ" ಎಂದಳು ಅವಳು. ನನ್ನ ಕಡೆ ನೋಡಲೂ ಇಲ್ಲ.

ಆಗಸ್ಟ್ 2, ಶನಿವಾರ

ಅವಳಿಲ್ಲದ ಹೊತ್ತಿನಲ್ಲಿ ಶಿವಾನಂದನನ್ನು ಕೇಳಿದೆ, ಆ ಫಲಕ ಯಾಕೆ ಎಂದು. ಹೋದ ವರ್ಷ ಚಕ್ರ ಸುರುವಾದ ಹೊಸದರಲ್ಲಿ ಒಬ್ಬ ಹೆಣ್ಣುಮಗಳ ಕೊರಳ ದಾರ ಇಳಿಯುವಾಗ ಬಾಗಿಲ ಕೊಂಡಿಗೆ ಸಿಕ್ಕಿತ್ತಂತೆ. ಚಕ್ರ ನಿಲ್ಲುವುದಿಲ್ಲ, ನಿಧಾನವಾಗಿ ತಿರುಗುತ್ತಲೇ ಇರುತ್ತದೆ, ಮಂದಿ ನಡೆಯುತ್ತಲೇ ಹತ್ತಿ ಇಳಿಯಬೇಕು. ಆಕೆ ಕೆಳಗೆ, ಕೊಂಡಿ ಮೇಲೆ. "ಮಯೂರಿ ಗಪ್ಪನ ಚಕ್ರಾ ನಿಂದರಿಸಿದಳು ಯವ್ವಾ. ನಾಕ ಬೆರಳ ಅಂತರದಾಗ ಜೀವಾ ಉಳೀತಂತ. ಆಕೀ ಕೊರಳಾಗ ಕೆಂಪನ್ನ ಬರಿ ಬಿದ್ದಿತ್ತು. ಆವತ್ತ ಮನಿಗೆ ಬಂದು ಇಕಿ ಉಣ್ಣಲೇ ಇಲ್ಲ. ಮರುದಿನ ತಾನ ಬರದು ಆ ಬೋರ್ಡ ಹಚ್ಚಿಸಿದಳು."

ಆ ದುಂಡನೆಯ ಅಕ್ಷರ ಅವಳದೇ ಹಾಗಾದರೆ. ಚೆನ್ನಾಗಿವೆ ಎಂದು ಅಲ್ಲಿ ನಿಂತಾಗಲೇ ಅನ್ನಿಸಿತ್ತು.

ಆಗಸ್ಟ್ 3, ಭಾನುವಾರ

ನನ್ನ ಒಲೆಯ ಗ್ಯಾಸು ಅರ್ಧ ರೊಟ್ಟಿಗೆ ಮುಗಿಯಿತು. ಉಳಿದ ಹಿಟ್ಟನ್ನು ಅವಳು ತನ್ನ ಒಲೆಯಲ್ಲಿ ಬಡಿದು ಕೊಟ್ಟಳು. ಹಸಿದಿದ್ದೆ, ಉಂಡೆ. ಅಂಚು ಸ್ವಲ್ಪ ದಪ್ಪ. ನಾಳೆ ಗ್ಯಾಸು ತರಿಸಬೇಕು.

ಆಗಸ್ಟ್ 4, ಶ್ರಾವಣ ಸೋಮವಾರ

ಬೆಳಿಗ್ಗೆ ಪೂಜೆಗೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ನೋಡುತ್ತಿದ್ದರೆ ಕಣ್ಣ ಮುಂದೆ ಬರುವುದು ಬುಟ್ಟಿ, ಕೊಂಡಿ, ಕೆಂಪು ಬರೆ. ಬಿಚ್ಚುವುದು ಆಗದ ಮಾತು. ಅವಳು ಬಿಡುವುದೂ ಆಗದ ಮಾತು. ಹಾಗಾದರೆ ತಪ್ಪು ಯಾರದು ದೇವರೇ ಎಂದು ಕೇಳಿದೆ. ನೀನು ಅಂದ ಮಾತು ಮಾತ್ರ ನಿನ್ನದು ಎಂದು ನನ್ನ ಮನಸ್ಸೇ ಹೇಳಿತು.

ಮಧ್ಯಾಹ್ನ ಬಟ್ಟೆ ಹಿಂಡುತ್ತಿರುವಾಗ ತಟ್ಟನೆ ನಮ್ಮವ್ವ ನೆನಪಾದಳು. ನನ್ನ ತವರೂರು ದಡ್ಡಿ, ಹೊಳೆದಂಡೆಯ ಹೊಲ. ಕಬ್ಬಿನ ಒಣಗಿದ ಗರಿ, ರವದಿ ಸುಲಿಯುವಾಗ ನಮ್ಮವ್ವನ ಕರಡಿಗೆ ಎಂದೂ ತೂಗುತ್ತಿರಲಿಲ್ಲ. ರವದಿಗೆ ದಾರ ಸಿಕ್ಕೀತೆಂದು ಹಳೆಯ ಸೀರೆಯ ಅಂಚು ಹರಿದು, ಎಡಹೆಗಲ ಮೇಲಿಂದ ಬಲಗೈ ಕೆಳಗೆ ಹಾಯಿಸಿ, ಕರಡಿಗೆಯನ್ನು ದಾರದ ಸಮೇತ ಎದೆಗೆ ಬಿಗಿದು ಕಟ್ಟುತ್ತಿದ್ದಳು. ಇಡೀ ದಿನ ಬಾಗಿ ಎದ್ದರೂ ಅಲುಗುತ್ತಿರಲಿಲ್ಲ. ಮದುವೆಯಾಗಿ ನಾವು ಹುಕ್ಕೇರಿಯಲ್ಲಿ ಅಂಗಡಿ ಇಟ್ಟ ಮೇಲೆ ನನಗೆ ಬಾಗುವ ಕೆಲಸವೂ ಹೋಯಿತು, ಕಟ್ಟುವ ರೂಢಿಯೂ ಹೋಯಿತು.

ನನ್ನ ಹಳೆಯ ಸೀರೆಯ ಅಂಚು ಹರಿದಿದ್ದೇನೆ.

ಆಗಸ್ಟ್ 6, ಬುಧವಾರ

ಮಯೂರಿ ಡಬ್ಬಿ ಮರೆತು ಹೋಗಿದ್ದಳು. ಕೊಡಲು ಚಕ್ರದ ಹತ್ತಿರ ಹೋದೆ. ಗೇಟಿನ ಬಳಿ ಸ್ಟೂಲಿನ ಮೇಲೆ ಕುಳಿತಿದ್ದಳು, ಕಣ್ಣು ಮುಚ್ಚಿಕೊಂಡು. ನಿದ್ದೆಯೇನೋ ಎಂದುಕೊಂಡೆ. ಇಲ್ಲ, ಮಷಿನ್ ಸಪ್ಪಳ ಕೇಳುತ್ತಿದ್ದಳು. "ಅತ್ತಿ" ಎಂದು ಬಾಯಿ ತೆರೆದವಳು ಅತ್ತಿತ್ತ ನೋಡಿ ಸುಮ್ಮನಾದಳು. ನನ್ನ ಪರಿಚಯದವರು ಯಾರಾದರೂ ಇದ್ದಾರೋ ಎಂದು ನೋಡಿದ್ದು ಅದು.

"ಕಣ್ಣ ಮುಚ್ಚಿ ಏನ ಕೇಳಾಕತ್ತಿದ್ದಿ?" ಎಂದೆ.

"ಆ ಕಡೇದು ಒಂದ ಬೇರಿಂಗ್ ಒಣಗೇತ್ರಿ. ಗ್ರೀಸ್ ಬೇಡಾಕತ್ತೈತಿ. ನಮ್ಮಪ್ಪಗ ಕುರಿ ಕೆಮ್ಮಿದ್ದ ಕೇಳಿದರ ಯಾವ ಕುರಿ ಅಂತ ತಿಳಿತೈತಿ. ನನಗ ಇದು."

ಗಾಜಿನ ಖೋಲಿಯಲ್ಲಿ ಕೊಲ್ಲಾಪುರದಿಂದ ಕರೆಸಿದ ಬೇರೆಯವನು ಕುಳಿತಿದ್ದ. ಗುಂಡಿಗಳಿರುವ ಫಲಕದ ಮೂಲೆಯಲ್ಲಿ ಭಂಡಾರದ ಹಳದಿ ಗುರುತು ಇತ್ತು. ದಿನಾ ಬೆಳಿಗ್ಗೆ ತವರಿನ ದೇವರ ಅರಿಷಿಣ ಭಂಡಾರ ಹಚ್ಚಿ, ಕೈಮುಗಿದು, ಆಮೇಲೆ ಗುಂಡಿ ಒತ್ತುತ್ತಿದ್ದಳಂತೆ. ಐದು ದಿನದಿಂದ ಹಚ್ಚಿಲ್ಲ, ಬಣ್ಣ ಮಾಸಿದೆ. ನನಗೂ ನನ್ನ ಪೂಜೆ ಐದು ದಿನ ತಪ್ಪಿದ್ದರೆ ಹೇಗಾದೀತು?

ಗ್ಯಾಸು ಇನ್ನೂ ತರಿಸಿಲ್ಲ. ಸಂತೆಯ ದಿನ ನೋಡೋಣ.

ಆಗಸ್ಟ್ 8, ಶುಕ್ರವಾರ

ಇಂದು ಬಳಗದಲ್ಲಿ ವಚನ ಮುಗಿದು ಪ್ರಸಾದ ಹಂಚುವ ಮೊದಲು ಎದ್ದು ನಿಂತೆ. "ವಿಜಯಲಕ್ಷ್ಮಿಯವರ, ಆ ಹುಡುಗಿ ನನ್ನ ಸೊಸಿ" ಎಂದೆ.

ವಿಜಯಲಕ್ಷ್ಮಿ ನನ್ನ ಕಡೆ ತಿರುಗಿದರು.

"ಹಂಗಾರ ಮಾರಿ ನೋಡಿದರ ತಿಳಿತೈತಿ ಅಂದಿದ್ರಲ್ರಿ?"

"ಸುಳ್ಳ ಹೇಳಿದ್ಯಾರಿ. ಸೊಸಿ ಅನ್ನಾಕ ನಾಚಿಕಿ ಬಂದಿತ್ತು. ಆ ಮಾತೂ ಅನ್ನಬಾರದಾಗಿತ್ತು. ಕುರಿ ಕಾಯೋರು, ದನಾ ಕಾಯೋರು ಅಂತ ಮಂದೀನ್ನ ಬ್ಯಾರೆ ಇಡಬ್ಯಾಡ್ರಿ ಅಂತ ಇಲ್ಲೇ ಕುಂತ ದಿನಾ ಹಾಡತೇವಿ. ಹೊರಗ ಹೋಗಿ ಅದನ್ನ ಅಂದ್ಯಾ."

ವಿಜಯಲಕ್ಷ್ಮಿ ಅಷ್ಟಕ್ಕೇ ಬಿಡಲಿಲ್ಲ. ಅವರ ಮಾತಿನಲ್ಲೂ ನ್ಯಾಯವಿತ್ತು. "ನಿಮ್ಮ ಸೊಸಿ ಆಗಲಿ, ನನ್ನ ಮಗಳ ಆಗಲಿ, ಲಿಂಗಾ ಬಿಚ್ಚು ಅಂದದ್ದು ಸರೀನ? ನಾ ಅಂತೂ ಬಿಚ್ಚಂಗಿಲ್ಲ ನೋಡ್ರಿ."

"ನಾನೂ ಬಿಚ್ಚಂಗಿಲ್ಲ. ಬಿಚ್ಚದನ ಹತ್ತೂಣು. ನಾಳೆ ಬರ್ರಿ, ತೋರಸ್ತೇನಿ."

ಬಳಗದ ಮೂಲೆಯಿಂದ ಯಾರೋ, "ಅತ್ತಿ ಸೊಸಿ ಜಗಳಾ ಚಕ್ರದ ಮಟಾ ಹೋತು ಬಿಡ್ರಿ" ಎಂದರು. ನಗು ಬಂತು ಎಲ್ಲರಿಗೂ. ನನಗೂ.

ಮನೆಯಲ್ಲಿ ಇದನ್ನು ಹೇಳಿಲ್ಲ. ನಾಳೆ ಹೇಗೂ ತಿಳಿಯುತ್ತದೆ.

ಆಗಸ್ಟ್ 9, ಶನಿವಾರ

ಇಂದು ಬರೆಯುವುದು ಬಹಳವಿದೆ.

ಚಕ್ರದ ಆಫೀಸು ಸಣ್ಣದು, ಎಲ್ಲರೂ ಹಿಡಿಯುವುದಿಲ್ಲವೆಂದು ಹೊರಗೇ ಕುರ್ಚಿ ಹಾಕಿಸಿದ್ದರು. ಮ್ಯಾನೇಜರ್ ಸೂರಜ ಸಂಕೇಶ್ವರದವನು. ಮಾತಿಗೊಮ್ಮೆ ರುಮಾಲಿನಿಂದ ಕತ್ತು ಒರೆಸಿಕೊಳ್ಳುತ್ತಾನೆ. "ನೋಡ್ರಿ ಅಕ್ಕಾರ, ನನಗ ಮಾಲಕರೂ ಬೇಕು, ನೀವೂ ಬೇಕು. ಒಬ್ಬರ ಮಾತ ಕೆಳಗ ಬೀಳಬೇಕಾಗತೈತಿ" ಎಂದ. ಮಯೂರಿ ಒಂದು ಪಕ್ಕಕ್ಕೆ ನಿಂತಿದ್ದಳು, ಕೈಕಟ್ಟಿ. ನಾನು ವಿಜಯಲಕ್ಷ್ಮಿಯವರ ಜೊತೆ ಬಂದದ್ದನ್ನು ನೋಡಿ ಅವಳ ಮುಖ ಸಣ್ಣದಾಯಿತು. ನಾನು ಸಹಿ ಹಾಕಿದ್ದೇನೆಂದು ತಿಳಿದಳೇನೋ.

"ಯಾರ ಮಾತೂ ಬೀಳೂದ ಬ್ಯಾಡ ತಮ್ಮಾ" ಎಂದು ನಾನು ಎದ್ದೆ. "ನಾ ಈಕೀ ಅತ್ತಿ. ಕೆಟ್ಟ ಮಾತ ಅಂದಾಕೀನೂ ನಾನ. ಅದಕ್ಕ ಈಕೀ ಕಡೆ ಏನೂ ತಪ್ಪಿಲ್ಲ. ನಿಮ್ಮ ಬೋರ್ಡಿನ್ಯಾಗ ತೂಗೋದು ಬ್ಯಾಡ ಅಂತ ಐತಿ. ತೂಗಲಿಲ್ಲಂದ್ರ ನಡೀತೈತಲ್ಲ?"

ಸೂರಜ ಮಯೂರಿಯ ಕಡೆ ನೋಡಿದ. ಅವಳು, "ನಡೀತೈತ್ರಿ. ಖರೇನ ತೂಗಬಾರದು" ಎಂದಳು.

ನಾನು ಸೀರೆ ಅಂಚು ತೆಗೆದು ನಮ್ಮವ್ವನಂತೆ ಎಡಹೆಗಲಿಂದ ಹಾಯಿಸಿ, ಕರಡಿಗೆ ಬಿಗಿದು, ಎದೆಯ ಮೇಲೆ ಗಂಟು ಹಾಕಿದೆ. ಎಲ್ಲರೂ ಚೆನ್ನಾಗಿದೆ ಅಂದರು. ಸೂರಜನೂ, "ಆತ ಬಿಡ್ರಿ, ಮುಗೀತು" ಎಂದ.

"ಮುಗದಿಲ್ರಿ ಸರ್" ಎಂದಳು ಮಯೂರಿ. ನನ್ನ ಹತ್ತಿರ ಬಂದಳು. "ಅತ್ತಿ, ಎರಡೂ ಕೈ ಮ್ಯಾಲ ಎತ್ತರಿ."

ಎಲ್ಲರ ಮುಂದೆ ಅತ್ತಿ ಎಂದಳು.

ಎತ್ತಿದೆ. "ಬಾಗರಿ." ಬಾಗಿದೆ. "ಜಿಗೀರಿ."

"ಐವತ್ತ ವರ್ಷದಾಕಿನ್ನ ಜಿಗಸ್ತೀಯೇನ?"

"ಜಿಗೀರಿ ಅತ್ತಿ."

ಜಿಗಿದೆ. ಗಂಟು ಸಡಿಲಾಗಿ ದಾರ ಒಂದು ಗೇಣು ಹೊರಗೆ ಬಂತು.

ಆಗ ಅವಳು ಹೂಂ ಅಂದಿದ್ದರೆ ಅವಳ ಕೆಲಸ ಅಲ್ಲಿಗೇ ಉಳಿಯುತ್ತಿತ್ತು. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಅವಳು ತಲೆ ಅಲ್ಲಾಡಿಸಿ, "ಇದು ನಡ್ಯಂಗಿಲ್ರಿ" ಎಂದಳು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಈಕೆ ನಡೆಸುವ ಚಕ್ರವಾದರೆ ಹತ್ತಬಹುದು ಎನ್ನಿಸಿತು.

"ಗಂಟ ಎದೀ ಮ್ಯಾಲ ಬಂದರ ಸಡ್ಲ ಆಗತೈತಿ" ಎಂದು ಅವಳೇ ನೋಡಿ ಹೇಳಿದಳು. "ಕಂಕಳ ಕೆಳಗ ಬಂದರ? ನಮ್ಮವ್ವ ಕುರಿಮರಿ ಹೊರೂವಾಗ ಹಂಗ ಕಟ್ಟತಾಳ, ಎರಡ ಸುತ್ತು." ಕಟ್ಟಲು ಕೈ ಚಾಚಿದವಳು ತಡೆದಳು. ಮುಟ್ಟಬಹುದೋ ಬಾರದೋ ಎಂದು.

"ಕಟ್ಟವಾ" ಎಂದೆ.

ಕಟ್ಟಿದಳು. ಕುರಿಮರಿ ಹೊರುವ ಗಂಟು. ಜಿಗಿದೆ, ಬಾಗಿದೆ, ವಿಜಯಲಕ್ಷ್ಮಿ ಕೈಹಾಕಿ ಜಗ್ಗಿ ನೋಡಿದರು. ಅಲುಗಲಿಲ್ಲ. "ನನಗೂ ಕಟ್ಟ ನೋಡೂಣು" ಎಂದು ಅವರೇ ಸೆರಗು ಸರಿಸಿ ಹೆಗಲು ಕೊಟ್ಟರು. ಅರ್ಜಿಯನ್ನು ಸೂರಜನ ಕೈಯಿಂದ ಇಸಿದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. "ಇದರ ಹಾಳಿ ಛಲೋ ಐತಿ, ಹಿಂದಿನ ಮಗ್ಗಲಾ ಬರ್ಯಾಕ ಬರತೈತಿ" ಎಂದರು.

ಕೊಲ್ಲಾಪುರದವನು ಎದ್ದು ಜಾಗ ಕೊಟ್ಟ. ಮಯೂರಿ ಗುಂಡಿಗಳ ಫಲಕಕ್ಕೆ ಭಂಡಾರ ಹಚ್ಚಿ ಕೈಮುಗಿದಳು. ನಾನೂ ವಿಜಯಲಕ್ಷ್ಮಿಯೂ ಒಂದು ಖೋಲಿಯಲ್ಲಿ ಕುಳಿತೆವು. ಮೊದಲು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸಿದೆ. ಆಮೇಲೆ ವಿಜಯಲಕ್ಷ್ಮಿ ನನ್ನ ಕೈ ಹಿಂಡಿದ್ದಕ್ಕೆ ನೋವಾಗಿ ಕಣ್ಣು ತೆರೆದೆ. ಊರಿಗೆ ಗಟ್ಟಿ ದನಿಯ ಆ ಹೆಣ್ಣುಮಗಳು, "ಇಳಸ್ರಿ ನನ್ನ, ಇಳಸ್ರಿ" ಎಂದು ಗುಬ್ಬಿಯಂತೆ ಅನ್ನುತ್ತಿದ್ದರು. ನಾನು ಅವರಿಗೆ ಧೈರ್ಯ ಹೇಳುತ್ತ ನನ್ನ ಅಂಜಿಕೆ ಮರೆತೆ.

ಮೇಲಿನಿಂದ ಘಟಪ್ರಭೆ ಕೆಂಪಗೆ ತುಂಬಿ ಹರಿಯುವುದು ಕಂಡಿತು. ಫಾಲ್ಸ್ ಕಡೆ ನೀರಿನ ಹೊಗೆ ಎದ್ದಿತ್ತು. ಪಡುವಣದ ಕಡೆ ಮೋಡ. ಅಲ್ಲೆಲ್ಲೋ ದಡ್ಡಿ ಇರಬೇಕು. ಕಾಣಲಿಲ್ಲ. ಎದೆಗೆ ಬಿಗಿದ ಕರಡಿಗೆಯ ಕೆಳಗೆ ನನ್ನ ಉಸಿರು ಏರಿಳಿಯುವುದು ತಿಳಿಯುತ್ತಿತ್ತು. ಇಷ್ಟು ಹತ್ತಿರ ಲಿಂಗ ಎಂದೂ ಇದ್ದಿರಲಿಲ್ಲ.

ಕೆಳಗೆ ನೋಡಿದರೆ ಗಾಜಿನ ಖೋಲಿ ಬೆಂಕಿಪೊಟ್ಟಣದಷ್ಟಿತ್ತು. ಅದರೊಳಗೆ ನಮ್ಮ ಮಯೂರಿ ಇದ್ದಳು.

ಆಗಸ್ಟ್ 11, ಶ್ರಾವಣ ಸೋಮವಾರ

ಇಂದು ಮುಂಜಾನೆಯಿಂದ ಸಂಜೆಯವರೆಗೆ ಚಕ್ರದ ಬುಡದಲ್ಲಿ ಕುಳಿತಿದ್ದೆ. ಬಳಗದವರು ಮನೆ ಮನೆಯಿಂದ ಹಳೆಯ ಅಂಚು ತಂದು ರಾಶಿ ಹಾಕಿದ್ದರು. ನಲವತ್ತು ಹೆಣ್ಣುಮಕ್ಕಳಿಗೆ ಕಟ್ಟಿದೆ, ಬೆರಳು ನೋಯುತ್ತಿವೆ. ಒಬ್ಬಾಕೆ ತಾಳಿಸರವನ್ನೂ ಹೀಗೇ ಕಟ್ಟೆಂದಳು. ಕಟ್ಟಿದೆ. ಮಯೂರಿ ಹೊಸ ಫಲಕ ಬರೆದು ಹಚ್ಚಿದ್ದಾಳೆ: ಕೊರಳಲ್ಲಿ ತೂಗುವುದನ್ನು ಬಿಚ್ಚಿಡಿರಿ, ಇಲ್ಲವೆ ಬಿಗಿದು ಕಟ್ಟಿಸಿಕೊಳ್ಳಿರಿ.

ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡೆವು. ಅವಳ ಶೇಂಗಾ ಚಟ್ನಿಗೆ ಉಪ್ಪು ಒಂದು ಚೂರು ಜಾಸ್ತಿ. ಹೇಳಿದೆ. "ಎರಡ ವರ್ಷ ಆತು, ಒಬ್ಬರೂ ಹೇಳಿದ್ದಿಲ್ಲ ನೋಡ್ರಿ. ನಿಮ್ಮ ಮಗಾ ಕಲ್ಲ ಕೊಟ್ರೂ ತಿಂತಾನು" ಎಂದಳು.

ಆಗಸ್ಟ್ 17, ಭಾನುವಾರ

ಮೂಡಲಗಿಯಿಂದ ಬೀಗತಿ ಯಮನವ್ವ ಬಂದಿದ್ದರು. ಅಳಿಯನ ಕಾಲು ನೋಡುವ ನೆಪ. ಪಂಚಮಿಗೆ ಮಗಳು ತವರಿಗೆ ಬರಲಿಲ್ಲವೆಂದು ಎಳ್ಳುಂಡಿ, ತಂಬಿಟ್ಟು ಎಲ್ಲ ಹೊತ್ತು ತಂದಿದ್ದರು. ಹೊಸ್ತಿಲಲ್ಲಿ ನನ್ನನ್ನು ನೋಡಿ ಗಂಟನ್ನು ಹಿಂದೆ ಸರಿಸಿದರು. "ನೀವು ತಿಂತೀರೋ ಇಲ್ಲೋ ಅಂತ, ಬೀಗತಿ..."

"ಎಳ್ಳಿನುಂಡಿ ಒಣಗಿದ ಮ್ಯಾಲ ಯಾರ ತಿನ್ನಬೇಕು, ಕೊಡ್ರಿ" ಎಂದು ತೆಗೆದುಕೊಂಡೆ. ಬೆಲ್ಲದ ಹದ ಚೆನ್ನಾಗಿತ್ತು. ಎರಡು ತಿಂದೆ.

ಕುರಿಮರಿ ಗಂಟು ನೋಡಬೇಕೆಂದು ಹೇಳಿದ್ದಕ್ಕೆ ಅವರೇ ಕಟ್ಟಿ ತೋರಿಸಿದರು. ನಾನು ಇಷ್ಟು ದಿನ ಒಂದು ಸುತ್ತು ಉಲ್ಟಾ ಹಾಕುತ್ತಿದ್ದೆ. ಸಂಜೆ ಇಬ್ಬರನ್ನೂ ಮಯೂರಿ ಚಕ್ರ ಹತ್ತಿಸಿದಳು. ಯಮನವ್ವ ಅಂಜಲೇ ಇಲ್ಲ. "ಬೀಗತಿ, ಇಲ್ಲಿಂದ ಕುರಿ ಕಾಯಾಕ ಎಷ್ಟ ಛಲೋ ಆಗ್ತಿತ್ತ ನೋಡ್ರಿ! ಒಂದೂ ತಪ್ಪಿಸ್ಕೊಂಡ ಹೋಗಾಕ ಆಗ್ತಿದ್ದಿಲ್ಲ" ಎಂದರು. ಅವರಿಗೆ ಜುಲೈ 29ರ ಮಾತು ತಿಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಾನು ಹೇಳಲು ಬಾಯಿ ತೆರೆದೆ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಹೊಳಿ ನೋಡ್ರಿ, ಎಷ್ಟ ಕೆಂಪಗೈತಿ" ಎಂದರು.

ತಿಳಿದಿದೆ.

ಆಗಸ್ಟ್ 21, ಗುರುವಾರ

ಶಿವಾನಂದನ ಪ್ಲಾಸ್ಟರ್ ಕೊಯ್ದರು. ಕಾಲು ಸಣ್ಣಗಾಗಿದೆ, ಆದರೆ ನೆಟ್ಟಗಿದೆ. ದೇವರು ದೊಡ್ಡವನು.

ಆಗಸ್ಟ್ 23, ಶನಿವಾರ, ಅಮಾವಾಸ್ಯೆ

ಇಂದಿಗೆ ಶ್ರಾವಣ ಮುಗಿಯಿತು, ನೇಮವೂ ಮುಗಿಯಿತು. ನಡುವೆ ಬರೆಯದ ದಿನಗಳೂ ಇವೆ. ಅಜ್ಜಾರಿಗೆ ಒಪ್ಪಿಕೊಳ್ಳಬೇಕು. ಇಡೀ ತಿಂಗಳಲ್ಲಿ ನನ್ನಲ್ಲಿ ಏನೂ ವಿಶೇಷ ಬದಲಾದಂತೆ ಕಾಣಲಿಲ್ಲ. ಗಂಟು ಹಾಕುವುದೊಂದು ಕಲಿತೆ, ಅಷ್ಟೇ.

ಆಗಸ್ಟ್ 24, ಭಾನುವಾರ, ಹುಕ್ಕೇರಿ

ನೇಮ ಮುಗಿದರೂ ಕೈ ಸುಮ್ಮನಿರಲಿಲ್ಲ, ಒಂದು ದಿನ ಹೆಚ್ಚಿಗೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಸ್ಸಿಗೆ ಬಿಡಲು ಇಬ್ಬರೂ ಬಂದಿದ್ದರು. ಶಿವಾನಂದ ಕೋಲು ಊರಿಕೊಂಡು. ಮಯೂರಿ ಡ್ಯೂಟಿಗೆ ಹೋಗುವ ಬೂಟಿನಲ್ಲಿ. ದಸರೆಗೆ ಬರಬೇಕೆಂದು ಇಬ್ಬರಿಗೂ ತಾಕೀತು ಮಾಡಿದೆ. ಬಸ್ಸು ಊರು ದಾಟುವವರೆಗೂ ಚಕ್ರ ಕಾಣುತ್ತಿತ್ತು. ನಿಂತಿತ್ತು. ಒಂಬತ್ತಕ್ಕೆ ಸುರುವಾಗುತ್ತದೆ. ಆ ಬೇರಿಂಗಿಗೆ ಗ್ರೀಸು ಹಾಕ್ಯಾರೋ ಇಲ್ಲೋ ಕೇಳಲು ಮರೆತೆ.

ಹುಕ್ಕೇರಿ ಸ್ಟ್ಯಾಂಡಿಗೆ ನಮ್ಮ ಯಜಮಾನರು ಅಣ್ಣಪ್ಪನವರು ಬಂದಿದ್ದರು. ನನ್ನ ಕೈಯಲ್ಲಿ ಒಂದೇ ಚೀಲ ಕಂಡು ಬಸ್ಸಿನೊಳಗೆ ಇಣುಕಿ ನೋಡಿದರು.

"ಒಲಿ ಎಲ್ಲಿ? ಬೋಗುಣಿ, ತವಾ? ಹೋಗೂವಾಗ ಕೂಲಿ ಹಚ್ಚಿ ಹೊರಿಸಿದ್ದಿ."

"ಬಸ್ಸಿನ್ಯಾಗ ಭಾರ ಆಗತಾವಂತ ಮನ್ಯಾಗ ಬಿಟ್ಟ ಬಂದೇನ್ರಿ."

"ಮನ್ಯಾಗ ಎಲ್ಲಿ ಅದಾವ? ನಾ ಈಗ ಬಾಗಲಾ ಹಾಕ್ಕೊಂಡ ಬಂದೇನಿ" ಎಂದರು.

ಮೂವತ್ತು ವರ್ಷವಾಯಿತು. ಈ ಮನುಷ್ಯನಿಗೆ ಒಂದು ಮಾತು ಒಂದೇ ಸಲಕ್ಕೆ ತಿಳಿದದ್ದಿಲ್ಲ.